ಲಸಿಕೆ ತಳಿಯ ಸಕ್ಕರೆ ಕೋಟು ಕಳಚಿದರೆ ಪರೀಕ್ಷೆಯ ಗೊಂದಲ ತಪ್ಪುತ್ತಾ?

ಗೋದಲಿ

ಮೂರು ವಾರದಿಂದ ತಲೆ ಕೊರೆಯುತ್ತಿರುವ ವಿಷಯ, ಇಲ್ಲಿ ಹಾಕ್ತಿದ್ದೇನೆ. ನಾನು ಪಶುವೈದ್ಯ. ಒಂದು ಮಂದೆಯ ಹೆಣ್ಣುಕರುಗಳಿಗೆಲ್ಲ ಕಂದು ರೋಗದ, ಅಂದರೆ ಬ್ರುಸೆಲ್ಲಾ ಬ್ಯಾಕ್ಟೀರಿಯಾದಿಂದ ಗರ್ಭ ಬೀಳುವ ರೋಗದ, ಎಸ್19 ಲಸಿಕೆ (ಮೆತ್ತಗಾದ ಜೀವಂತ ಬ್ರುಸೆಲ್ಲಾ ತಳಿ) ಹಾಕಿದ್ದೆ. ಅದರಲ್ಲಿ ಕೆಲವಕ್ಕೆ ವಯಸ್ಸು ಮೀರಿತ್ತು. ಸೀಸೆ ಒಡೆದಾಗಿದೆ, ಲಸಿಕೆ ಉಳಿದಿದೆ, ಸುಮ್ನೆ ಚೆಲ್ಲುವುದು ಯಾಕೆ ಅಂತ ಅವಕ್ಕೂ ಚುಚ್ಚಿಬಿಟ್ಟೆ. ತಪ್ಪು ನನ್ನದೇ.

ಎರಡು ವರ್ಷ ಕಳೆದು ಮಂದೆಯ ರಕ್ತ ಪರೀಕ್ಷೆ ಮಾಡಿದಾಗ ಹಾಗೆ ವಯಸ್ಸು ಮೀರಿ ಚುಚ್ಚಿಸಿಕೊಂಡ ನಾಲ್ಕು ಹಸು ರೋಸ್ ಬೆಂಗಾಲ್‌ನಲ್ಲಿ ಪಾಸಿಟಿವ್ ಬಂದವು. ಒಂದೂ ಕಂದು ಹಾಕಿರಲಿಲ್ಲ. ಎಲ್ಲಕ್ಕೂ ಕಸ (ಮಾಸು) ಸರಿಯಾಗಿ ಬಿದ್ದಿತ್ತು. ಇದು ಲಸಿಕೆಯ ಆಂಟಿಬಾಡಿ ಇರಬಹುದು, ಸ್ವಲ್ಪ ತಡೆಯಿರಿ ಅಂದೆ. ಮಾಲೀಕರು ಕೇಳಲಿಲ್ಲ, ನಾಲ್ಕನ್ನೂ ಮಂದೆಯಿಂದ ತೆಗೆದರು. ಆಮೇಲೆ ದುಗ್ಧರಸ ಗ್ರಂಥಿಯ (ಲಿಂಫ್ ನೋಡ್) ಕಲ್ಚರ್, ಅಂದರೆ ಅದರಿಂದ ಬ್ಯಾಕ್ಟೀರಿಯಾ ಬೆಳೆಸುವ ಪರೀಕ್ಷೆ, ಮಾಡಿಸಿದರೆ ಬ್ರುಸೆಲ್ಲಾ ಬೆಳೆಯಲೇ ಇಲ್ಲ.

ನನ್ನ ಪ್ರಶ್ನೆ ಇಷ್ಟು. ಪರೀಕ್ಷೆ ಹಿಡಿಯುವುದು ಬ್ಯಾಕ್ಟೀರಿಯಾದ ಹೊರಗಿನ ಸಕ್ಕರೆ ಸರಪಳಿಯ ಮೇಲಿನ ಆಂಟಿಬಾಡಿಯನ್ನು. ಲಸಿಕೆ ತಳಿಯಲ್ಲಿ ಆ ಸಕ್ಕರೆಯ ಜೀನನ್ನೇ ತೆಗೆದುಬಿಟ್ಟರೆ ಈ ಪೇಚಾಟ ಮುಗಿಯುತ್ತೆ ಅಲ್ವಾ? ಇಷ್ಟು ಸರಳ ಇದ್ದರೆ ಯಾಕೆ ಇನ್ನೂ ಎಲ್ಲ ಕಡೆ ಎಸ್19 ಚುಚ್ಚುತ್ತಿದ್ದೇವೆ?

ಅಗರ್ ಪ್ಲೇಟ್

ಗೋದಲಿ ಸರ್, ಮೊದಲು ಒಂದು ತಕರಾರು. ಕಲ್ಚರ್‌ನಲ್ಲಿ ಬೆಳೆಯಲಿಲ್ಲ ಅಂದರೆ ಸೋಂಕು ಇರಲಿಲ್ಲ ಅಂತ ಅಲ್ಲ. ಬ್ರುಸೆಲ್ಲಾ ನಿಧಾನದ ಪ್ರಾಣಿ, ಒಂದೊಂದೇ ಗ್ರಂಥಿಯಲ್ಲಿ ಅವಿತಿರುತ್ತೆ. ಆದರೂ ನಿಮ್ಮ ಊಹೆಯೇ ಸರಿ ಇರಬಹುದು. ಎಸ್19 ಅನ್ನು ಕರುವಾಗಿದ್ದಾಗ ಕೊಟ್ಟರೆ ಹೆಚ್ಚಿನವುಗಳಲ್ಲಿ ಆಂಟಿಬಾಡಿ ದೊಡ್ಡದಾಗುವಷ್ಟರಲ್ಲಿ ಇಳಿದುಹೋಗುತ್ತೆ. ದೊಡ್ಡ ವಯಸ್ಸಿನಲ್ಲಿ ಕೊಟ್ಟರೆ ಬಹಳ ಕಾಲ ಉಳಿಯುತ್ತೆ.

ಯಾಕೆ ಗೊಂದಲ ಅಂದರೆ, ರೋಸ್ ಬೆಂಗಾಲ್ ಬಾಟಲಿಯಲ್ಲಿರುವುದು ಬಣ್ಣ ಹಾಕಿ ಕೊಂದ ಬ್ರುಸೆಲ್ಲಾ ಕೋಶಗಳು. ಆಮ್ಲೀಯ ದ್ರಾವಣ, ಪಿಎಚ್ 3.65. ತಲಾ 30 ಮೈಕ್ರೋಲೀಟರ್ ಸೀರಂ (ರಕ್ತದ ತಿಳಿ) ಮತ್ತು ಆಂಟಿಜೆನ್ (ಬಾಟಲಿಯ ಆ ದ್ರಾವಣ) ಟೈಲ್ ಮೇಲೆ ಕಲಸಿ ನಾಲ್ಕು ನಿಮಿಷ ಅಲ್ಲಾಡಿಸುತ್ತೀರಿ. ನೆಗೆಟಿವ್ ಆದರೆ ಒಂದೇ ಸಮನೆ ಗುಲಾಬಿ. ಪಾಸಿಟಿವ್ ಆದರೆ ಒಡೆದ ಹಾಲಿನ ಹಾಗೆ ಕಾಳುಕಾಳು. ಆ ಕೋಶಗಳ ಮೈಮೇಲೆ ತುಂಬಿರುವುದು ಎಲ್‌ಪಿಎಸ್, ಅಂದರೆ ಲೈಪೊಪಾಲಿಸ್ಯಾಕರೈಡ್. ಅದರಲ್ಲಿ ಮೂರು ಭಾಗ. ಪೊರೆಯೊಳಗೆ ಬೇರು ಬಿಟ್ಟ ಲಿಪಿಡ್ ಎ, ಅದರ ಮೇಲೆ ಕೋರ್ ಎನ್ನುವ ಚಿಕ್ಕ ಸಕ್ಕರೆ ಗಂಟು, ಅಲ್ಲಿಂದ ಹೊರಗೆ ಚಾಚಿದ ಉದ್ದ ಓ-ಸರಪಳಿ. ಆಂಟಿಬಾಡಿಗೆ ಮೊದಲು ಸಿಗುವುದು ಈ ಸರಪಳಿಯೇ.

ಬ್ರುಸೆಲ್ಲಾದ ಓ-ಸರಪಳಿ ಮಹಾ ಬೋರು. ಬೇರೆ ಬ್ಯಾಕ್ಟೀರಿಯಾಗಳು ನಾಲ್ಕೈದು ಬಗೆಯ ಸಕ್ಕರೆ ಪೋಣಿಸಿದರೆ ಇದು ಪೆರೊಸಮೀನ್ ಎಂಬ ಒಂದೇ ಸಕ್ಕರೆಯನ್ನು ನೂರರವರೆಗೂ ಪೋಣಿಸುತ್ತೆ. ಪ್ರತಿ ಮಣಿಗೂ ಒಂದು ಫಾರ್ಮಿಲ್ ಗುಂಪಿನ ಟೋಪಿ. ಅಷ್ಟೇ. ಎಸ್19ರಲ್ಲೂ ಇದೇ ಸರಪಳಿ, ರೋಗ ತರುವ ತಳಿಯಲ್ಲೂ ಇದೇ ಸರಪಳಿ. ಟೈಲ್ ಮೇಲಿನ ಹನಿಗೆ ಯಾರು ಬಂದು ಹೋದರು ಅಂತ ಹೇಗೆ ಗೊತ್ತಾಗಬೇಕು?

ಕೆಚ್ಚಲು

ನಾನು ಡಾಕ್ಟರೂ ಅಲ್ಲ, ಲ್ಯಾಬೂ ಅಲ್ಲ. ಹಸು ಸಾಕುವವಳು. ಲಸಿಕೆ ಹಾಕಿಸಿಯೂ ಪಾಸಿಟಿವ್ ಅನ್ನಿಸಿಕೊಂಡ ಸಂಕಟ ನನಗೂ ಗೊತ್ತು, ಅದಕ್ಕೇ ಓದುತ್ತಿದ್ದೇನೆ. "ಸ್ಮೂತ್", "ರಫ್" ಅಂತ ಎಲ್ಲ ಕಡೆ ಬರೆದಿರುತ್ತಾರೆ. ಏನು ನಯ, ಏನು ಒರಟು? ಮುಟ್ಟಿ ನೋಡುತ್ತಾರಾ?

ಅಗರ್ ಪ್ಲೇಟ್

ಮುಟ್ಟಿದರೆ ನಮಗೇ ಜ್ವರ ಬರುತ್ತೆ ಅಕ್ಕ! ನೋಡಿಯೇ ಹೇಳುವುದು.

ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಓ-ಸರಪಳಿ ಇರುವ ಕಾಲೊನಿ (ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಚುಕ್ಕೆ) ಇಬ್ಬನಿ ಹನಿಯ ಹಾಗೆ ದುಂಡಗೆ, ಮಿರಮಿರ ಹೊಳೆಯುತ್ತೆ. ಅದು ಸ್ಮೂತ್. ಸರಪಳಿ ಇಲ್ಲದ್ದು ಮಂಕಾಗಿ, ಪುಡಿಪುಡಿಯಾಗಿ ಕಾಣುತ್ತೆ. ಅದು ರಫ್. ಅನುಮಾನ ಇದ್ದರೆ ತೆಳುವಾದ ಕ್ರಿಸ್ಟಲ್ ವಯಲೆಟ್ ದ್ರಾವಣವನ್ನು ಪ್ಲೇಟಿನ ಮೇಲೆ ಹೊಯ್ದು ಕೆಲವೇ ಸೆಕೆಂಡಿನಲ್ಲಿ ತೆಗೆಯುತ್ತೇವೆ. ಸ್ಮೂತ್ ಕಾಲೊನಿ ಬಣ್ಣ ಹಿಡಿಯಲ್ಲ, ಹಾಗೇ ಪೇಲವವಾಗಿ ಕೂತಿರುತ್ತೆ. ರಫ್ ಕಾಲೊನಿ ನೇರಳೆ ಆಗಿಬಿಡುತ್ತೆ. ಸಕ್ಕರೆ ಕೋಟು ಇದ್ದವರಿಗೆ ಬಣ್ಣದ ನೀರು ತಾಗಲಿಲ್ಲ, ಕೋಟಿಲ್ಲದವರು ನೆನೆದುಬಿಟ್ಟರು ಅಂತ ಇಟ್ಟುಕೊಳ್ಳಿ.

ಮೊದಲ ಸಲ ಇದನ್ನು ಮಾಡಿದ್ದು ನನಗೆ ಇನ್ನೂ ನೆನಪಿದೆ. ಶುದ್ಧ ಸ್ಮೂತ್ ಅಂದುಕೊಂಡಿದ್ದ ಹಳೇ ಕಲ್ಚರ್. ಬಣ್ಣ ಹೊಯ್ದು ತೆಗೆದರೆ ಪೇಲವ ಚುಕ್ಕೆಗಳ ನಡುವೆ ಏಳೆಂಟು ಕಡು ನೇರಳೆ ಚುಕ್ಕೆ. ಒಂದು ಕಾಲೊನಿಯಂತೂ ಅರ್ಧ ಪೇಲವ, ಅರ್ಧ ನೇರಳೆ, ಕತ್ತರಿಸಿದ ಹೋಳಿನ ಹಾಗೆ. ಯಾರೂ ಜೀನ್ ಮುಟ್ಟಿರಲಿಲ್ಲ. ಅವೇ ಕೋಟು ಬಿಸಾಕಿದ್ದವು. ಸರಪಳಿ ಕಟ್ಟುವ ಎರಡು ಜೀನುಗಳು ಬ್ರುಸೆಲ್ಲಾದಲ್ಲಿ ಒಂದು ಜೀನೋಮಿಕ್ ದ್ವೀಪದ (ಹೊರಗಿನಿಂದ ಬಂದು ಸೇರಿಕೊಂಡ ಡಿಎನ್‌ಎ ತುಂಡಿನ) ಮೇಲಿವೆ. ಆ ತುಂಡು ಒಮ್ಮೊಮ್ಮೆ ತಾನಾಗಿಯೇ ಕಳಚಿ ಹೋಗುತ್ತೆ. ಲಸಿಕೆ ಬ್ಯಾಚ್ ಬಿಡುವ ಮುಂಚೆ ರಫ್ ಕಾಲೊನಿ ಎಷ್ಟಿದೆ ಅಂತ ಎಣಿಸುವುದು ಇದಕ್ಕೇ.

ತಗಾದೆ

ಎಲ್ಲರೂ ಇದು ಹೊಸ ಐಡಿಯಾ ಅನ್ನೋ ಹಾಗೆ ಮಾತಾಡ್ತಿದ್ದೀರಿ. ಸಕ್ಕರೆ ಇಲ್ಲದ ಲಸಿಕೆ ಮಾರುಕಟ್ಟೆಗೆ ಬಂದು ಎಷ್ಟೋ ಕಾಲ ಆಯ್ತು ಸ್ವಾಮಿ. ಆರ್‌ಬಿ51. ರೋಗ ತರುವ 2308 ತಳಿಯನ್ನು ರಿಫಾಂಪಿಸಿನ್ ಎಂಬ ಆಂಟಿಬಯೋಟಿಕ್ ಇರುವ ಪ್ಲೇಟ್‌ಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಆರಿಸಿದ ರಫ್ ತಳಿ. 1991ರಲ್ಲಿ ಪ್ರಕಟವಾಯ್ತು. 1996ರಲ್ಲಿ ಅಮೆರಿಕ ಎಸ್19 ಬಿಟ್ಟು ಇದನ್ನೇ ಹಿಡಿಯಿತು. ಜೀನ್ ತಿದ್ದುಪಡಿ ಗಿದ್ದುಪಡಿ ಏನೂ ಇಲ್ಲ. ಎಸ್19 ಕೂಡ ಆಕಸ್ಮಿಕವೇ. 1923ರಲ್ಲಿ ಜೆರ್ಸಿ ಹಸುವಿನ ಹಾಲಿನಿಂದ ತೆಗೆದ ತಳಿ. ಕಲ್ಚರನ್ನು ವರ್ಷದ ಮೇಲೆ ಹೊರಗೇ ಬಿಟ್ಟಿದ್ದರು, ತಾನೇ ಮೆತ್ತಗಾಯ್ತು.

ಹಾಗಾಗಿ ಗೋದಲಿಯವರ ಪ್ರಶ್ನೆಗೆ ಉತ್ತರ: ಕೋಟು ಕಳಚಿದರೆ ಪರೀಕ್ಷೆಯ ಗೊಂದಲ ಹೋಗುತ್ತೆ. ಆದರೆ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತಾ? ಅದು ಬೇರೆ ಪ್ರಶ್ನೆ, ಅದನ್ನು ಯಾರೂ ಕೇಳ್ತಿಲ್ಲ.

ಇನ್ನೊಂದು. ರಫ್ ಅಂದರೆ ಸಾಧು ಅಂದುಕೊಳ್ಳಬೇಡಿ. ಟಗರಿಗೆ ವೃಷಣದ ರೋಗ ತರುವ ಬ್ರುಸೆಲ್ಲಾ ಓವಿಸ್, ನಾಯಿಗೆ ಬರುವ ಬ್ರುಸೆಲ್ಲಾ ಕ್ಯಾನಿಸ್, ಎರಡೂ ಹುಟ್ಟಾ ರಫ್. ರೋಗ ತರೋದು ಬಿಟ್ಟಿವೆಯಾ?

ಜೀನುಗಾರ

ತಗಾದೆ ಹೇಳಿದ್ದು ಬಹುಪಾಲು ಸರಿ, ಒಂದು ವಿಷಯ ಸೇರಿಸಬೇಕು. ಆರ್‌ಬಿ51ರಲ್ಲಿ ಏನಾಗಿದೆ ಅಂತ ಆಮೇಲೆ ತೆರೆದು ನೋಡಿದರು. ಸರಪಳಿ ಕಟ್ಟುವ ಡಬ್ಲ್ಯುಬಿಒಎ ಎಂಬ ಜೀನಿನ ನಡುವೆ ಐಎಸ್711 ಎಂಬ ಜಿಗಿಯುವ ಡಿಎನ್‌ಎ ತುಂಡು ಬಂದು ಕೂತಿದೆ. ಮಜಾ ಏನೆಂದರೆ, ಆ ಜೀನನ್ನು ರಿಪೇರಿ ಮಾಡಿ ಮತ್ತೆ ಕೊಟ್ಟರೂ ಆರ್‌ಬಿ51 ಪೂರ್ತಿ ಸ್ಮೂತ್ ಆಗಲ್ಲ. ಅಂದರೆ ಇನ್ನೂ ಏನೋ ಕೆಟ್ಟಿದೆ. ಪ್ಲೇಟ್ ಮೇಲೆ ಮತ್ತೆ ಮತ್ತೆ ಬೆಳೆಸಿ ಪಡೆದ ತಳಿಗಳ ಗೋಳೇ ಇದು. ಬೇಕಾದ್ದು ಒಂದು ಕೆಡುತ್ತೆ, ಜೊತೆಗೆ ಬೇಡದ್ದು ಎಷ್ಟೋ. ಜೀನನ್ನು ಗುರಿಯಿಟ್ಟು ತೆಗೆದರೆ ಏನು ತೆಗೆದೆವು ಅಂತ ಅಕ್ಷರಕ್ಕೆ ಅಕ್ಷರ ಗೊತ್ತಿರುತ್ತೆ. ನನಗೆ ಜೀನ್ ತಿದ್ದುಪಡಿ ಇಷ್ಟ ಆಗೋದು ಅದಕ್ಕೆ, ಫ್ಯಾಷನ್ನಿಗಲ್ಲ.

ಈಗ ಅಸಲು ವಿಷಯ. "ಸಕ್ಕರೆ ಜೀನ್ ತೆಗೆಯೋದು" ಅಂತ ಒಂದೇ ಕೆಲಸ ಇಲ್ಲ. ಕಾರ್ಖಾನೆಯ ಸಾಲು ಇದು. ಪೆರೊಸಮೀನ್ ಮಣಿ ತಯಾರಿಸುವ ಕಿಣ್ವಗಳು ಒಂದು ಕಡೆ. ಮಣಿ ಪೋಣಿಸುವವು ಇನ್ನೊಂದು ಕಡೆ. ಪೋಣಿಸಿದ ಸರಪಳಿಯನ್ನು ಒಳಪೊರೆ ದಾಟಿಸುವ ಪಂಪು ಬೇರೆ. ಅದು ಕೂರುವ ಕೋರ್ ಕಟ್ಟುವವು ಬೇರೆ. ಎಲ್ಲಿ ನಿಲ್ಲಿಸಿದರೂ ಹೊರಗೆ ಕಾಣೋದು ರಫ್ ಕಾಲೊನಿ. ಒಳಗಿನ ಕತೆ ಮಾತ್ರ ಬೇರೆ ಬೇರೆ.

ಪಂಪು ಕೆಡಿಸಿದಿರಿ ಅಂದುಕೊಳ್ಳಿ. ಸರಪಳಿ ತಯಾರಾಗುತ್ತಲೇ ಇರುತ್ತೆ, ಹೊರಗೆ ಹೋಗಲ್ಲ, ಕೋಶದೊಳಗೇ ರಾಶಿ ಬೀಳುತ್ತೆ. ಕ್ರಿಸ್ಟಲ್ ವಯಲೆಟ್ ಹೊಯ್ದರೆ ನೇರಳೆ. ನೀವು ಖುಷಿ. ಆದರೆ ಹಸುವಿನ ಮೈಯಲ್ಲಿ ಆ ಕೋಶ ಸತ್ತು ಒಡೆದಾಗ ಒಳಗಿನ ಸರಪಳಿ ಹೊರಗೆ ಚೆಲ್ಲುತ್ತೆ, ಅದಕ್ಕೂ ಆಂಟಿಬಾಡಿ ಹುಟ್ಟಬಹುದು. ಪಿಜಿಎಂ ಎಂಬ ಜೀನ್ ತೆಗೆದ ತಳಿಯೂ ಹೀಗೇ, ಕೋರ್ ಮೊಟಕು, ಸರಪಳಿ ಒಳಗೇ. ಮಣಿಯನ್ನೇ ತಯಾರಿಸದ ಹಾಗೆ ಪೆರೊಸಮೀನ್ ಸಿಂಥೆಟೇಸ್ ಜೀನ್ ತೆಗೆದರೆ ಮಾತ್ರ ಪೋಣಿಸೋಕೆ ಏನೂ ಉಳಿಯಲ್ಲ.

ಹೀಗೆ ಮಾಡಿದ್ದೂ ಇದೆ. ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಎಸ್19ರಿಂದಲೇ ಈ ಜೀನ್ ತೆಗೆದ ತಳಿ ಮಾಡಿ 2015ರಲ್ಲಿ ಪ್ರಕಟಿಸಿದರು. ಗಬ್ಬದ ಗಿನಿಪಿಗ್‌ಗಳಿಗೆ ತೊಂದರೆ ಕೊಡಲಿಲ್ಲ, ಇಲಿಗಳಿಗೆ ರಕ್ಷಣೆ ಕೊಟ್ಟಿತು ಅಂತ ವರದಿ. ಅವರೇ ಅದನ್ನು ಪೂರ್ತಿ ರಫ್ ಅಂತ ಕರೆಯಲಿಲ್ಲ, ನಡುವಿನ ರಫ್ ಅಂದರು. ನನಗೆ ಆ ಪ್ರಾಮಾಣಿಕತೆ ಹಿಡಿಸಿತು.

ತಗಾದೆ

ಇಲಿ, ಗಿನಿಪಿಗ್. ಹಸು ಎಲ್ಲಿ?

ಜೀನುಗಾರ

ಇಲಿಯಿಂದ ಹಸುವಿಗೆ ನೇರ ದಾರಿ ಇಲ್ಲ, ಒಪ್ಪಿದೆ. ಅದರಲ್ಲೂ ಈ ಸಕ್ಕರೆ ವಿಷಯದಲ್ಲಿ ಇಲಿ ದಾರಿ ತಪ್ಪಿಸುತ್ತೆ. ಓ-ಸರಪಳಿಯ ಆಂಟಿಬಾಡಿಯನ್ನೇ ಒಂದು ಇಲಿಯಿಂದ ಇನ್ನೊಂದಕ್ಕೆ ಕೊಟ್ಟರೂ ಅದಕ್ಕೆ ಒಂದಷ್ಟು ರಕ್ಷಣೆ ಸಿಗುತ್ತೆ. ಹಾಗಾಗಿ ರಫ್ ಲಸಿಕೆಯನ್ನು ಇಲಿಯಲ್ಲಿ ನೋಡಿದರೆ ಅರ್ಧ ಆಯುಧ ಕಿತ್ತುಕೊಂಡ ಹಾಗೆ ಕಾಣುತ್ತೆ. ದನಗಳಲ್ಲಿ ಹೆಚ್ಚು ಮುಖ್ಯ ಟಿ-ಕೋಶಗಳು, ಅಂದರೆ ರಕ್ಷಣೆಯ ಬಿಳಿ ರಕ್ತಕಣಗಳ ಒಂದು ಬಗೆ. ಬ್ಯಾಕ್ಟೀರಿಯಾ ಮ್ಯಾಕ್ರೊಫೇಜ್ (ರೋಗಾಣು ನುಂಗುವ ಕೋಶ) ಒಳಗೆ ಕೂತಿರುವಾಗ ಅದನ್ನು ಎಬ್ಬಿಸಿ ಕೊಲ್ಲಿಸುವವರು ಅವರು. ಅವರಿಗೆ ಸಕ್ಕರೆಗಿಂತ ಪ್ರೋಟೀನ್ ತುಣುಕುಗಳು ಬೇಕು, ಅವು ರಫ್ ತಳಿಯಲ್ಲೂ ಇವೆ.

ಆದರೆ ಒಂದು ಷರತ್ತು. ಲಸಿಕೆ ತಳಿ ಮೈಯೊಳಗೆ ಸಾಕಷ್ಟು ದಿನ ಬದುಕಿರಬೇಕು. ಓ-ಸರಪಳಿ ಸುಮ್ನೆ ಅಲಂಕಾರಕ್ಕಿಲ್ಲ. ಅದು ಕಾಂಪ್ಲಿಮೆಂಟ್ (ರೋಗಾಣು ಕೊಲ್ಲುವ ರಕ್ತದ ಪ್ರೋಟೀನುಗಳು) ದಾಳಿಯನ್ನು ದೂರ ಇಡುತ್ತೆ, ಮ್ಯಾಕ್ರೊಫೇಜ್ ಒಳಗೆ ಸದ್ದಿಲ್ಲದೆ ನುಗ್ಗೋಕೆ ನೆರವಾಗುತ್ತೆ. ಕೋಟು ಇಲ್ಲದ ತಳಿ ಹೆಚ್ಚು ಸಂಖ್ಯೆಯಲ್ಲಿ ಒಳಗೆ ಹೋಗಿ ಆ ಕೋಶವನ್ನೇ ಬೇಗ ಕೊಂದುಬಿಡುತ್ತೆ, ತಾನೂ ಮನೆ ಕಳೆದುಕೊಳ್ಳುತ್ತೆ. ಎಸ್19ರಂಥ ಈಗಾಗಲೇ ಮೆತ್ತಗಾದ ತಳಿಯ ಕೋಟನ್ನೂ ಕಿತ್ತರೆ ಅದು ಪಾಠ ಕಲಿಸುವ ಮುಂಚೆಯೇ ಸತ್ತುಹೋಗಬಹುದು. ಸುರಕ್ಷಿತ, ಆದರೆ ಪ್ರಯೋಜನ ಇಲ್ಲ.

ಪುಕ್ಕ

ಕೋಳಿ ಕಡೆಯಿಂದ ಒಂದು ಮಾತು. ನಮ್ಮಲ್ಲಿ ಇದು ಹಳೇ ಕತೆ. ಫೌಲ್ ಟೈಫಾಯ್ಡ್‌ಗೆ ಹಾಕುವ 9ಆರ್ ಲಸಿಕೆ 1956ರದ್ದು, ಸಾಲ್ಮೊನೆಲ್ಲಾ ಗ್ಯಾಲಿನೇರಮ್‌ನ ರಫ್ ತಳಿ. ಅದರ ಹೆಸರಿನ 'ಆರ್' ರಫ್‌ನದ್ದೇ. ಯಾಕೆ ರಫ್ ಅಂತ ಬಹಳ ವರ್ಷ ಬಿಟ್ಟು ಗೊತ್ತಾಯ್ತು. ಕೋರ್ ಕಟ್ಟುವ ಆರ್‌ಎಫ್‌ಎಜೆ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ನಡುವೆಯೇ 'ನಿಲ್ಲು' ಅನ್ನೋ ಸಂಕೇತ ಬಂದಿದೆ.

ಒಂದೇ ಅಕ್ಷರ! ಅದು ತಿರುಗಿ ಸರಿಯಾದರೆ? ಜೀನುಗಾರರ ಮಾತಿಗೆ ನನ್ನ ಓಟು ಇಲ್ಲೇ ಬೀಳೋದು. ಅಕ್ಷರ ತಪ್ಪಾಗಿದ್ದರೆ ಬ್ಯಾಕ್ಟೀರಿಯಾ ತಿದ್ದಿಕೊಳ್ಳಬಹುದು. ಪುಟವನ್ನೇ ಹರಿದಿದ್ದರೆ ಎಲ್ಲಿಂದ ತರುತ್ತೆ? ಹಂದಿಗಳಿಗಾಗಿ ಸಾಲ್ಮೊನೆಲ್ಲಾ ಟೈಫಿಮ್ಯೂರಿಯಂನಲ್ಲಿ ಇದೇ ಆರ್‌ಎಫ್‌ಎಜೆ ಜೀನನ್ನು ಪೂರ್ತಿ ತೆಗೆದು ನೋಡಿದ್ದೂ ಇದೆ. ಉದ್ದೇಶ ನಿಮ್ಮದೇ: ಲಸಿಕೆ ಹಾಕಿದ ಹಂದಿ ಎಲ್‌ಪಿಎಸ್ ಎಲೈಸಾದಲ್ಲಿ (ಎಲ್‌ಪಿಎಸ್ ಮೇಲಿನ ಆಂಟಿಬಾಡಿ ಹುಡುಕುವ ಪರೀಕ್ಷೆ) ಸೋಂಕಿತ ಹಂದಿಯ ಹಾಗೆ ಕಾಣಬಾರದು.

ಕೆಚ್ಚಲು

ಅರ್ಧ ಅರ್ಥ ಆಯ್ತು. ಆದರೆ ಒಂದು ಅನುಮಾನ. ಕೋಟು ಕಿತ್ತರೆ ಲಸಿಕೆ ಸೊರಗುತ್ತೆ, ಇಟ್ಟರೆ ಪರೀಕ್ಷೆ ಮೋಸ ಹೋಗುತ್ತೆ. ಕೋಟು ಇಟ್ಟುಕೊಂಡೇ ಬಣ್ಣ ಬದಲಾಯಿಸೋಕೆ ಆಗಲ್ವಾ? ಮಂದೆ ಸೇರಿದಾಗ ನಾವು ಕೊಂಬಿಗೆ ಬಣ್ಣ ಹಚ್ಚಲ್ವಾ, ಹಾಗೆ.

ಜೀನುಗಾರ

ಮೇಡಂ, ನಾನು ನಾಲ್ಕು ಪ್ಯಾರಾ ಬರೆದು ತಲುಪದ ಜಾಗಕ್ಕೆ ನೀವು ಒಂದು ಸಾಲಿನಲ್ಲಿ ಬಂದಿರಿ. ಅದನ್ನೇ ಮಾಡಿದ್ದಾರೆ.

ಪೆರೊಸಮೀನ್ ಮಣಿಯ ಮೇಲೆ ಫಾರ್ಮಿಲ್ ಟೋಪಿ ಇರುತ್ತೆ ಅಂತ ಅಗರ್ ಪ್ಲೇಟ್ ಹೇಳಿದರಲ್ಲ, ಆ ಟೋಪಿ ಬದಲಾಯಿಸೋದು. ಈ. ಕೋಲಿ ಓ157ರ ಸಕ್ಕರೆಯಲ್ಲೂ ಪೆರೊಸಮೀನ್ ಇದೆ, ಆದರೆ ಅಲ್ಲಿ ಟೋಪಿ ಅಸಿಟೈಲ್. ಅದನ್ನು ತೊಡಿಸುವ ಕಿಣ್ವದ ಜೀನ್ ಡಬ್ಲ್ಯುಬಿಡಿಆರ್. ಆ ಒಂದು ಜೀನನ್ನು ಬ್ರುಸೆಲ್ಲಾದ ಕ್ರೋಮೋಸೋಮಿಗೆ ಸೇರಿಸಿ, ಸ್ಪೇನ್ ಮತ್ತು ಸ್ವೀಡನ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದರು. ಸರಪಳಿ ಉದ್ದ ಹಾಗೇ, ಕಾಲೊನಿ ಸ್ಮೂತ್ ಹಾಗೇ, ಮಣಿಗಳ ಮೇಲೆ ಮಾತ್ರ ಅಸಿಟೈಲ್. ಫಾರ್ಮಿಲ್ ತೊಡಿಸುವ ಬ್ರುಸೆಲ್ಲಾದ ಸ್ವಂತ ಜೀನನ್ನೂ ತೆಗೆದರೆ ಹಳೇ ಟೋಪಿ ಪೂರ್ತಿ ಹೋಗುತ್ತೆ.

ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಬೇರೆ. ಕೋಟು ಕಿತ್ತಾಗ ಲಸಿಕೆ ಹಾಕಿದ ಹಸು 'ಏನೂ ಇಲ್ಲದ' ಹಸುವಿನ ಹಾಗೆ ಕಾಣುತ್ತೆ. ಟೋಪಿ ಬದಲಾಯಿಸಿದಾಗ 'ಲಸಿಕೆ ಹಾಕಿದೆ' ಅಂತ ತೋರಿಸುವ ತನ್ನದೇ ಗುರುತು ಸಿಗುತ್ತೆ. ಮೂರು ಗುಂಪು ಬೇರೆ ಬೇರೆ: ಸೋಂಕು, ಲಸಿಕೆ, ಎರಡೂ ಇಲ್ಲ.

ತಗಾದೆ

ಒಂದ್ನಿಮಿಷ. ಓ157? ರಕ್ತಭೇದಿ ತರುವ ಆ ಓ157ರ ಜೀನನ್ನು ದನಕ್ಕೆ ಚುಚ್ಚುವ ಜೀವಂತ ಬ್ಯಾಕ್ಟೀರಿಯಾಗೆ ಹಾಕ್ತಾರಾ? ಯಾರಾದರೂ ಪತ್ರಿಕೆಯವರು ಓದಿದರೆ ಮುಗೀತು.

ಜೀನುಗಾರ

ಓ157 ಕೆಟ್ಟದ್ದಾಗಿರೋದು ಅದರ ಶಿಗಾ ಟಾಕ್ಸಿನ್ನಿಂದ, ಆ ಜೀನ್ ಒಂದು ಬ್ಯಾಕ್ಟೀರಿಯೋಫೇಜ್ (ಬ್ಯಾಕ್ಟೀರಿಯಾಗೆ ತಗುಲುವ ವೈರಸ್) ತಂದು ಸೇರಿಸಿದ್ದು. ಡಬ್ಲ್ಯುಬಿಡಿಆರ್ ಒಂದು ಟೋಪಿ ತೊಡಿಸುವ ಕಿಣ್ವ, ಅಷ್ಟೇ. ದರ್ಜಿ ಕಳ್ಳರ ಮನೆಗೂ ಬಟ್ಟೆ ಹೊಲೀತಾನೆ. ಆದರೆ ಪತ್ರಿಕೆಯ ವಿಷಯದಲ್ಲಿ ನಿಮ್ಮ ಭಯ ಸರಿಯಾಗಿಯೇ ಇದೆ.

ಅಗರ್ ಪ್ಲೇಟ್

ಲ್ಯಾಬ್ ಕಡೆಯಿಂದ ಸ್ವಲ್ಪ ತಣ್ಣೀರು. ಟೋಪಿ ಬದಲಾದ ಮಾತ್ರಕ್ಕೆ ರೋಸ್ ಬೆಂಗಾಲ್ ಟೈಲ್ ಮೇಲೆ ಪವಾಡ ಆಗಲ್ಲ. ಆಂಟಿಬಾಡಿಗಳು ಒಂದೇ ಬಗೆಯವಲ್ಲ. ಕೆಲವು ಟೋಪಿ ನೋಡುತ್ತವೆ, ಕೆಲವು ಮಣಿಗಳ ಜೋಡಣೆ ನೋಡುತ್ತವೆ, ಕೆಲವು ತುದಿ ಮಾತ್ರ ಹಿಡಿಯುತ್ತವೆ. ಮಣಿ ಅದೇ, ಜೋಡಣೆ ಅದೇ ಇದ್ದರೆ ಒಂದಷ್ಟು ಅಡ್ಡ ಹೊಂದಾಣಿಕೆ ಇದ್ದೇ ಇರುತ್ತೆ. ಹೊಸ ಲಸಿಕೆಗೆ ಹೊಸ ಪರೀಕ್ಷೆಯೂ ಜೊತೆಗೇ ಬರಬೇಕು.

ಈಗಿರುವ ಪರೀಕ್ಷೆಯೇ ಲಸಿಕೆ ಇಲ್ಲದಿದ್ದಾಗಲೂ ಮೋಸ ಹೋಗುತ್ತೆ ಅನ್ನೋದನ್ನೂ ಮರೀಬೇಡಿ. ಯೆರ್ಸಿನಿಯಾ ಎಂಟರೊಕೊಲಿಟಿಕಾ ಓ:9 ಎಂಬ ಕರುಳಿನ ಬ್ಯಾಕ್ಟೀರಿಯಾದ ಸರಪಳಿಯೂ ಫಾರ್ಮಿಲ್ ಪೆರೊಸಮೀನೇ. ಅದು ಹಸುವಿಗೆ ತಗುಲಿ ಹೋದರೂ ಟೈಲ್ ಮೇಲೆ ಕಾಳು ಕಾಣಬಹುದು. ಗೋದಲಿ ಸರ್, ನಿಮ್ಮ ನಾಲ್ಕು ಹಸುಗಳ ಸೀರಂ ಉಳಿದಿದ್ದರೆ ಕಾಂಪಿಟಿಟಿವ್ ಎಲೈಸಾಗೆ ಕಳಿಸಿ. ಲಸಿಕೆಯ ಆಂಟಿಬಾಡಿಯನ್ನು ಬೇರ್ಪಡಿಸೋಕೆ ಅದು ರೋಸ್ ಬೆಂಗಾಲ್‌ಗಿಂತ ವಾಸಿ. ಪೂರ್ತಿ ಖಚಿತ ಅಲ್ಲ.

ಗೋದಲಿ

ಎರಡರ ಸೀರಂ ಫ್ರೀಜರ್‌ನಲ್ಲಿದೆ. ಕಳಿಸ್ತೇನೆ.

ಸಿರಿಂಜು

ನಾನು ಲಸಿಕೆ ಹಾಕುವ ಕೆಲಸದವನು, ದಿನಕ್ಕೆ ನೂರಾರು ಕರು. ನೀವೆಲ್ಲ ಹಸುವಿನ ಕಡೆಯಿಂದ ಮಾತಾಡ್ತಿದ್ದೀರಿ. ನನ್ನ ಕಡೆಯಿಂದಲೂ ಸ್ವಲ್ಪ ಕೇಳಿ.

ಒಂದು ಸಲ ಆರ್‌ಬಿ51 ಹಾಕುವಾಗ ಕರು ಒದ್ದು, ಸೂಜಿ ಸಿರಿಂಜಿನಿಂದ ಕಳಚಿ, ಲಸಿಕೆ ನೇರ ನನ್ನ ಕಣ್ಣಿಗೆ ಚಿಮ್ಮಿತು. ಕಣ್ಣು ತೊಳೆದು ಆಸ್ಪತ್ರೆಗೆ ಓಡಿದೆ. ಅಲ್ಲಿನ ಡಾಕ್ಟರು ಬ್ರುಸೆಲ್ಲಾ ರಕ್ತ ಪರೀಕ್ಷೆ ಬರೆದರು, ನೆಗೆಟಿವ್ ಬಂತು. "ಏನೂ ಇಲ್ಲ, ಹೋಗಿ" ಅಂದರು. ಪುಣ್ಯಕ್ಕೆ ಲಸಿಕೆ ಪೆಟ್ಟಿಗೆಯ ಚೀಟಿ ಜೇಬಿನಲ್ಲಿತ್ತು. ತೋರಿಸಿದೆ. ಈ ತಳಿಗೆ ಓ-ಸರಪಳಿ ಇಲ್ಲ, ನಿಮ್ಮ ಪರೀಕ್ಷೆ ಹುಡುಕೋದೇ ಆ ಸರಪಳಿಯ ಆಂಟಿಬಾಡಿ, ಆರು ತಿಂಗಳು ಬಿಟ್ಟು ಮಾಡಿದರೂ ನೆಗೆಟಿವ್ವೇ ಬರುತ್ತೆ ಅಂತ ನಾನೇ ಹೇಳಬೇಕಾಯ್ತು. ಅವರು ರಿಫಾಂಪಿಸಿನ್ ಬರೆಯೋಕೆ ಹೊರಟಾಗ ಅದನ್ನೂ ತಡೆದೆ. ಆ ತಳಿಯನ್ನು ಆರಿಸಿದ್ದೇ ರಿಫಾಂಪಿಸಿನ್ ಮೇಲೆ ಬೆಳೆಸಿ! ಕೊನೆಗೆ ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು, 21 ದಿನ ನುಂಗಿದೆ.

ಹಸುವಿನ ಪರೀಕ್ಷೆಯಿಂದ ಬಚ್ಚಿಡೋಕೆ ಅಂತ ಕೋಟು ಕಳಚಿದಿರಿ. ಅದೇ ಕಾರಣಕ್ಕೆ ನನ್ನ ಪರೀಕ್ಷೆಯಿಂದಲೂ ಅದು ಬಚ್ಚಿಟ್ಟುಕೊಳ್ತು. ಇದನ್ನು ಯಾರಾದರೂ ಯೋಚಿಸಿದ್ದೀರಾ?

ತಗಾದೆ

ಈ ಚರ್ಚೆಯಲ್ಲಿ ಇದುವರೆಗೆ ಬಂದ ಒಳ್ಳೇ ಪೋಸ್ಟ್ ಇದು. ನಾನು ಹೇಳಬೇಕಿತ್ತು, ಹೇಳಲಿಲ್ಲ.

ಕುರಿ-ಮೇಕೆಗೆ ಹಾಕುವ ರೆವ್1 ಕತೆಯೂ ಅಷ್ಟೇ, ಅದು ಸ್ಟ್ರೆಪ್ಟೊಮೈಸಿನ್‌ಗೆ ಜಗ್ಗಲ್ಲ. ಮನುಷ್ಯರಿಗೆ ಬ್ರುಸೆಲ್ಲಾ ಬಂದರೆ ಕೊಡುವ ಮುಖ್ಯ ಔಷಧಿಗಳಲ್ಲಿ ರಿಫಾಂಪಿಸಿನ್ ಒಂದು, ಸ್ಟ್ರೆಪ್ಟೊಮೈಸಿನ್ ಒಂದು. ಎರಡು ಲಸಿಕೆ ತಳಿ, ಎರಡಕ್ಕೂ ಒಂದೊಂದು ಔಷಧಿ ನಾಟಲ್ಲ. ಹಳಬರಿಗೆ ಆಗ ಅದೇ ಆರಿಸುವ ದಾರಿ ಇತ್ತು, ಬೈಯೋಲ್ಲ. ಅಮೆರಿಕದಲ್ಲಿ ಕಾಯಿಸದ ಹಾಲು ಕುಡಿದು ಆರ್‌ಬಿ51 ಸೋಂಕು ಆದವರೂ ಇದ್ದಾರೆ. ಲಸಿಕೆ ಹಾಕಿದ ಹಸು ಹಾಲಿನಲ್ಲಿ ಆ ತಳಿಯನ್ನು ಬಿಟ್ಟಿತ್ತು.

ಜೀನುಗಾರ

ಸಿರಿಂಜು ಅಣ್ಣ, ನಿಮ್ಮ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಅರ್ಧ ಉತ್ತರ ಇದೆ.

ಔಷಧಿ ವಿಷಯ ಜೀನ್ ತಿದ್ದುಪಡಿಯಿಂದ ಬಗೆಹರಿಯುತ್ತೆ. ಜೀನ್ ತೆಗೆಯುವಾಗ ಯಾವ ಕೋಶದಲ್ಲಿ ಕೆಲಸ ಆಯ್ತು ಅಂತ ಹುಡುಕೋಕೆ ಮಧ್ಯೆ ಒಂದು ಆಂಟಿಬಯೋಟಿಕ್ ಜೀನ್ ಬಳಸ್ತೇವೆ, ಕೊನೆಗೆ ಅದನ್ನೂ ಹೊರಗೆ ಹಾಕಬೇಕು. ಅದಕ್ಕೆ ಸ್ಯಾಕ್‌ಬಿ ಎಂಬ ಜೀನಿನ ಉಪಾಯ ಇದೆ. ಅದು ಒಳಗಿದ್ದರೆ ಸಕ್ಕರೆ, ಅಂದರೆ ಸುಕ್ರೋಸ್, ಹಾಕಿದ ಪ್ಲೇಟ್ ಮೇಲೆ ಬ್ಯಾಕ್ಟೀರಿಯಾ ಸಾಯುತ್ತೆ. ಬದುಕಿ ಉಳಿದವು ಸ್ಯಾಕ್‌ಬಿಯನ್ನೂ ಅದರ ಜೊತೆ ಕಟ್ಟಿದ್ದ ಆಂಟಿಬಯೋಟಿಕ್ ಜೀನನ್ನೂ ಹೊರಹಾಕಿದವು. ಸಕ್ಕರೆ ಕೋಟು ಕತ್ತರಿಸೋಕೆ ಸಕ್ಕರೆಯದ್ದೇ ಜರಡಿ. ಹೀಗೆ ಮಾಡಿದ ತಳಿಗೆ ಬ್ರುಸೆಲ್ಲಾಗೆ ಕೊಡುವ ಮಾಮೂಲಿ ಔಷಧಿಗಳು ನಾಟುತ್ತವೆ. ಎಸ್19 ಆಧಾರವಾಗಿದ್ದರೆ ರಿಫಾಂಪಿಸಿನ್ ಕೂಡ.

ಪರೀಕ್ಷೆಯ ವಿಷಯದಲ್ಲಿ ಟೋಪಿ ಬದಲಾಯಿಸುವ ದಾರಿಯೇ ವಾಸಿ ಅನ್ನಿಸ್ತಿದೆ. ಚುಚ್ಚಿಕೊಂಡವರ ರಕ್ತದಲ್ಲಿ ಅಸಿಟೈಲ್ ಟೋಪಿಯ ಆಂಟಿಬಾಡಿ ಹುಡುಕಬಹುದು. ಕೋಟಿಲ್ಲದ ತಳಿಯಲ್ಲಿ ಹುಡುಕೋಕೆ ಏನಿದೆ? ನಿನ್ನೆವರೆಗೂ ನಾನು ಪೆರೊಸಮೀನ್ ಜೀನ್ ತೆಗೆಯೋ ಪಕ್ಷ. ಈಗ ಅಷ್ಟು ಖಚಿತ ಇಲ್ಲ.

ಪುಕ್ಕ

ಸಕ್ಕರೆ ಮುಟ್ಟದೆ ಗುರುತು ಹಾಕೋ ದಾರಿಯೂ ಇದೆ ಅಲ್ವಾ? ಎಸ್19ಗೆ ಜೆಲ್ಲಿಮೀನಿನ ಹಸಿರು ಪ್ರೋಟೀನ್ ಸೇರಿಸಿ, ಹಸುವಿನಲ್ಲಿ ಹಸಿರು ಪ್ರೋಟೀನಿಗೆ ಆಂಟಿಬಾಡಿ ಇದ್ದರೆ ಲಸಿಕೆ ಹಾಕಿದೆ ಅಂತ ಲೆಕ್ಕ.

ಅಗರ್ ಪ್ಲೇಟ್

ಇದೆ. ಆದರೆ ಲಸಿಕೆ ಹಾಕಿಯೂ ಸೋಂಕು ತಗುಲಿದ ಹಸುವಿನಲ್ಲಿ ಎರಡೂ ಆಂಟಿಬಾಡಿ ಇರುತ್ತೆ. ರೋಸ್ ಬೆಂಗಾಲ್ ಪಾಸಿಟಿವ್, ಹಸಿರೂ ಪಾಸಿಟಿವ್. ಸೋಂಕಿದೆಯೋ ಇಲ್ಲವೋ? ಮತ್ತೆ ಗೋದಲಿ ಸರ್ ಮಂದೆಗೇ ಬಂದು ನಿಂತಿರಿ. ರೋಗದ ತಳಿಯಲ್ಲಿ ಇದ್ದು ಲಸಿಕೆಯಲ್ಲಿ ಇಲ್ಲದ್ದು ಒಂದಾದರೂ ಬೇಕು. ಫಾರ್ಮಿಲ್ ಟೋಪಿ ಆ ಕೆಲಸಕ್ಕೆ ಸರಿಹೋಗುತ್ತೆ.

ತಗಾದೆ

ಸರಿ, ಒಪ್ಪಿದೆ ಅಂತ ಇಟ್ಟುಕೊಳ್ಳಿ. ಆದರೂ ಜೀವಂತ, ಜೀನ್ ತಿದ್ದಿದ ಬ್ಯಾಕ್ಟೀರಿಯಾ. ಹಾಲಿಗೆ ಬರುತ್ತಾ, ಮೂತ್ರದಲ್ಲಿ ಬರುತ್ತಾ, ಎಷ್ಟು ದಿನ? ಗಬ್ಬದ ಹಸುವಿಗೆ ತಪ್ಪಿ ಬಿದ್ದರೆ ಕಂದು ಹಾಕುತ್ತಾ? ಹೋರಿಗೆ ಚುಚ್ಚಿದರೆ? ಇಪ್ಪತ್ತು ಪೀಳಿಗೆ ಬೆಳೆಸಿದರೂ ಟೋಪಿ ಅಸಿಟೈಲ್ ಆಗೇ ಇರುತ್ತಾ? ಇದಕ್ಕೆಲ್ಲ ಹಸುಗಳಲ್ಲೇ ಉತ್ತರ ಸಿಗಬೇಕು. ಬ್ರುಸೆಲ್ಲಾ ಇಟ್ಟು ಗಬ್ಬದ ಹಸುಗಳ ಮೇಲೆ ಪ್ರಯೋಗ ಮಾಡಬಲ್ಲ ಬಿಗಿ ಕೊಟ್ಟಿಗೆಗಳು ಜಗತ್ತಿನಲ್ಲೇ ಕಡಿಮೆ. ಒಂದೊಂದು ಪ್ರಯೋಗಕ್ಕೂ ಕಡಸು ಗಬ್ಬ ಕಟ್ಟಿ ಈಯುವವರೆಗೆ ಕಾಯಬೇಕು. ಗೋದಲಿಯವರೇ, "ಯಾಕೆ ಇನ್ನೂ ಎಸ್19" ಅಂದಿರಲ್ಲ, ಜೀನ್ ತೆಗೆಯೋಕೆ ತಿಂಗಳುಗಳು ಸಾಕು, ಹಸುವಿನಲ್ಲಿ ತೋರಿಸೋಕೆ ವರ್ಷಗಳು ಬೇಕು. ಅದಕ್ಕೆ.

ಗೋದಲಿ

ಎಲ್ಲರಿಗೂ ಥ್ಯಾಂಕ್ಸ್. ಕೋಟು ಕಿತ್ತರೆ ಮುಗೀತು ಅಂದುಕೊಂಡು ಬಂದಿದ್ದೆ. ಸಿರಿಂಜು ಅವರ ಪೋಸ್ಟ್ ಓದಿದ ಮೇಲೆ ಹಾಗೆ ಅನ್ನಿಸ್ತಿಲ್ಲ. ನಾಳೆಯಿಂದ ನಮ್ಮ ತಂಡಕ್ಕೆ ಕನ್ನಡಕ ಕಡ್ಡಾಯ, ಯಾವ ತಳಿ ಹಾಕ್ತಿದ್ದೇವೆ ಅಂತ ಬರೆದ ಚೀಟಿ ಪ್ರತಿಯೊಬ್ಬರ ಜೇಬಿನಲ್ಲಿ.

ಕೆಚ್ಚಲು

ಕೊನೆಗೆ ನನ್ನದೊಂದು. ನನ್ನ ಹತ್ತಿರ ಆರು ಹೆಣ್ಣುಕರು ಇವೆ. ಟೋಪಿ ಬದಲಾದ ಲಸಿಕೆ ಬರಲಿ ಅಂತ ಕಾಯಲಾ, ಈಗಿನ ಎಸ್19 ಹಾಕಿಸಲಾ?

ಗೋದಲಿ

ಕಾಯಬೇಡಿ ಮೇಡಂ. ಎಸ್19 ಒಳ್ಳೇ ಲಸಿಕೆಯೇ, ಕೆಡಿಸಿದ್ದು ನಾನು. ನಾಲ್ಕರಿಂದ ಎಂಟು ತಿಂಗಳ ಒಳಗೆ, ಒಂದೇ ಸಲ, ಹೆಣ್ಣುಕರುವಿಗೆ ಮಾತ್ರ. ಕಿವಿ ಓಲೆಯ ನಂಬರ್ ಮತ್ತು ಲಸಿಕೆಯ ತಾರೀಖು ಬರೆದಿಡಿ. ಮುಂದೆ ಯಾರಾದರೂ ಟೈಲ್ ಹಿಡಿದು ಬಂದಾಗ ಆ ಪುಸ್ತಕವೇ ನಿಮ್ಮ ಸಾಕ್ಷಿ. ಕರುಗಳ ವಯಸ್ಸು ಎಷ್ಟು?

ಕೆಚ್ಚಲು

ಐದಕ್ಕೆ ಆರು ತಿಂಗಳು. ಒಂದಕ್ಕೆ ಮಾತ್ರ ಒಂಬತ್ತೂವರೆ.

ಗೋದಲಿ

ಐದಕ್ಕೆ ಹಾಕಿಸಿ. ಸೀಸೆಯಲ್ಲಿ ಒಂದು ಡೋಸ್ ಉಳಿದರೆ ಚೆಲ್ಲಲಿ, ಬಿಡಿ.